ಸೂಜಿಯಿಂದ ಹೊಲಿದ ಸೆರಗು

ಹೊಸ ಪುಸ್ತಕ ಕೈಗೆ ಬಂದರೆ ಎಲ್ಲರೂ ಮೊದಲು ಮುಖಪುಟ ನೋಡುತ್ತಾರೆ. ನಾನು ಒಳಗಿನ ಎರಡನೆಯ ಪುಟ ನೋಡುತ್ತೇನೆ, ಸಣ್ಣ ಅಕ್ಷರದಲ್ಲಿ ಮುದ್ರಣದ ವಿವರ ಹಾಕಿರುತ್ತಾರಲ್ಲ, ಆ ಪುಟ. ಇಳಕಲ್ಲಿನ ಹೆಣ್ಣುಮಗಳೊಬ್ಬಳು ಬರೆದ ಪುಸ್ತಕದಲ್ಲಿ ಅಲ್ಲಿ ಮೂರು ಸಾಲು ಇದ್ದವು: ಮೊದಲನೆಯ ಮುದ್ರಣ, ಎರಡನೆಯ ಮುದ್ರಣ, ಮೂರನೆಯ ಮುದ್ರಣ. ಮೂರೂ ಒಂದೇ ವರ್ಷದೊಳಗೆ. ನನ್ನ ಕಾದಂಬರಿಯ ಆ ಪುಟದಲ್ಲಿ ಇರುವುದು ಒಂದೇ ಸಾಲು, ಅದನ್ನು ಹಾಕಿ ಹದಿನಾರು ವರ್ಷವಾಗಿದೆ. ನನಗೆ ಹೊಟ್ಟೆಕಿಚ್ಚಾಯಿತು. ಇದಕ್ಕೆ ಬೇರೆ ಮರ್ಯಾದಸ್ಥ ಹೆಸರು ಹುಡುಕಲು ಬಹಳ ದಿನ ಒದ್ದಾಡಿದೆ. ಸಾಹಿತ್ಯದ ಬಗ್ಗೆ ಕಾಳಜಿ ಎಂದೂ ಹೇಳಿ ನೋಡಿದೆ. ಹೆಂಡತಿ ನಂಬಲಿಲ್ಲ.

ನಾನು ಹುನಗುಂದದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ಬೇರೆಯವರ ಜಗಳಗಳನ್ನು ಶುದ್ಧ ಕನ್ನಡದಲ್ಲಿ ಬೆರಳಚ್ಚು ಮಾಡಿದ್ದೇನೆ. ನನ್ನ ಹಾಳೆಯಲ್ಲಿ ಕಾಗುಣಿತದ ತಪ್ಪು ಹುಡುಕಿ ತೋರಿಸಿ ಎಂದು ವಕೀಲರಿಗೆ ಸವಾಲು ಹಾಕುತ್ತಿದ್ದೆ. ಆ ಸೊಕ್ಕು ಇನ್ನೂ ಇಳಿದಿಲ್ಲ. ಕೆಲಸದ ನಡುವೆಯೇ ನಾಲ್ಕು ಪುಸ್ತಕ ಬರೆದೆ. ಮೊದಲನೆಯದು ಇಳಕಲ್ಲಿನ ನೇಕಾರ ವಿಧವೆಯೊಬ್ಬಳ ಕಾದಂಬರಿ. ನಮ್ಮ ಪ್ರಕಾಶನದ ಮೊಟ್ಟಮೊದಲ ಪುಸ್ತಕವೂ ಅದೇ.

ನಮ್ಮ ಪ್ರಕಾಶನ ಎಂದರೆ ನವನಗರದಲ್ಲಿರುವ ನನ್ನ ಕಾಲೇಜು ಗೆಳೆಯನ ಮನೆ. ಹಳೆಯ ಬಾಗಲಕೋಟೆಯಲ್ಲಿ ಅವನ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಸಿಕ್ಕ ಜಾಗದಲ್ಲಿ ಹೊಸದು ಕಟ್ಟಿಸಿದ. ಗಾಡಿ ನಿಲ್ಲಿಸಲೆಂದು ಬಿಟ್ಟ ಜಾಗಕ್ಕೆ ಬಾಗಿಲು ಹಚ್ಚಿ ಅದರ ತುಂಬ ಪುಸ್ತಕ ಪೇರಿಸಿದ. ಇವತ್ತಿಗೂ ಪುಸ್ತಕಗಳು ನೆರಳಿನಲ್ಲಿವೆ, ಅವನ ಸ್ಕೂಟರ್ ಬಿಸಿಲಿನಲ್ಲಿದೆ. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಕಷ್ಟ, ಆದರೂ ನಾನು ಮಾಡಿದ್ದೇನೆ.

ವರ್ಷಕ್ಕೊಮ್ಮೆ ಅವನು ತನ್ನ ಲೇಖಕರನ್ನೆಲ್ಲ ಒಂದೂರಲ್ಲಿ ಸೇರಿಸಿ ಹಬ್ಬ ಮಾಡುತ್ತಾನೆ. ವೇದಿಕೆ ಇಲ್ಲ, ಶಾಲು ಇಲ್ಲ, ಮುಖ್ಯ ಅತಿಥಿಗಳಿಲ್ಲ. ಉದ್ದಕ್ಕೂ ಮೇಜು ಇಟ್ಟು ಮೇಲೆ ಪುಸ್ತಕ ಜೋಡಿಸುವುದು, ಮಧ್ಯಾಹ್ನ ಎಲ್ಲರೂ ಕೂತು ರೊಟ್ಟಿ ಉಣ್ಣುವುದು. ನಿಯಮ ಒಂದೇ. ಆ ದಿನ ಯಾವ ಲೇಖಕನೂ ತನ್ನ ಪುಸ್ತಕವನ್ನು ತಾನು ಮುಟ್ಟುವಂತಿಲ್ಲ, ಅದರ ಸುದ್ದಿ ಎತ್ತುವಂತಿಲ್ಲ. ಬೇರೊಬ್ಬರ ಪುಸ್ತಕದ ಹಿಂದೆ ನಿಂತು ಅದನ್ನೇ ಹೊಗಳಿ ಮಾರಬೇಕು. ಮೊದಲ ವರ್ಷ ಒಬ್ಬೊಬ್ಬರೂ ತಮ್ಮ ಪುಸ್ತಕದ ಪಕ್ಕದಲ್ಲಿ ಬೆಳೆ ಕಾಯುವವರ ಹಾಗೆ ನಿಂತು, ಬಂದವರನ್ನು ಮುಂದಿನ ಮೇಜಿಗೆ ಬಿಡದೇ ಇದ್ದದ್ದನ್ನು ನೋಡಿ ಅವನು ಈ ಪದ್ಧತಿ ತಂದ. ಹಾಗಾಗಿ ನಾನು ಒಂದು ವರ್ಷ ಕುರಿಗಳ ರೋಗದ ಪುಸ್ತಕ ಮಾರಿದೆ, ಇನ್ನೊಂದು ವರ್ಷ ಗಾದೆಗಳ ಸಂಗ್ರಹ ಮಾರಿದೆ. ಎರಡೂ ಚೆನ್ನಾಗಿ ಹೋದವು. ನನ್ನದು ಮಾತ್ರ, ಯಾರು ಹಿಂದೆ ನಿಂತರೂ ಹೋಗಲಿಲ್ಲ.

ಹೋದ ವರ್ಷದ ಹಬ್ಬ ಬದಾಮಿಯಲ್ಲಿ. ಆಕೆಯ ಪುಸ್ತಕ ಹೊರಬಂದದ್ದು ಅಲ್ಲೇ. ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು, ವಯಸ್ಸು ನಲವತ್ತರ ಆಸುಪಾಸು, ಮಗ್ಗದ ಮೇಲೆ ಬೆಳೆದ ಬದುಕಿನ ನೆನಪುಗಳನ್ನು ಬರೆದಿದ್ದಳು. ನನ್ನನ್ನು ಕಂಡವಳೇ "ಕಾಕಾ, ನಿಮ್ಮ ಜೋಡಿ ಒಂದ ಮಾತ ಆಡೂದೈತ್ರಿ" ಎಂದು ಹತ್ತಿರ ಬಂದಳು. ಆಗಲೇ ಆಕೆಯ ಪುಸ್ತಕದ ಮುಂದೆ ಜನ ಸೇರಿದ್ದರು. ಕಾಕಾ ಎಂದು ಕರೆದು ನನ್ನನ್ನು ಒಮ್ಮೆಲೇ ಮುದುಕನನ್ನಾಗಿ ಮಾಡಿದ್ದೂ ಹಿಡಿಸಲಿಲ್ಲ. "ಆಮ್ಯಾಲ ಮಾತಾಡೂಣವಾ" ಎಂದು ಜಾರಿಕೊಂಡೆ. ಅವತ್ತು ನನ್ನ ಕಾದಂಬರಿಯ ಒಂದೇ ಪ್ರತಿ ಮೇಜು ಬಿಟ್ಟು ಹೋಯಿತು. ಒಯ್ದದ್ದು ಮಂಗ. ಅದೂ ಗೋಡೆಯ ಮೇಲೆ ಕೂತು ಎರಡು ಪುಟ ತಿರುವಿ ಬಿಸಾಕಿತು.

ಆಕೆಯ ಪುಸ್ತಕದ ಮೊದಲ ಸಾಲು ಹೀಗಿದೆ: 'ನಮ್ಮ ಮನೆಯಲ್ಲಿ ಸೂಜಿ ಇರಲಿಲ್ಲ.' ಅಷ್ಟೇ. ಆ ಸಾಲನ್ನು ಎಲ್ಲರೂ ಎತ್ತಿ ಆಡಿದರು. ಪತ್ರಿಕೆಯಲ್ಲಿ ಬರೆದವರು ಬಡತನವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ಯಾರೂ ಇಲ್ಲ ಎಂದರು. ಬಾಗಲಕೋಟೆಯ ಉಪನ್ಯಾಸಕರೊಬ್ಬರು ಫೋನು ಮಾಡಿದ್ದು ನನಗೆ, ಹೊಗಳಿದ್ದು ಅದನ್ನು. ನಿಜ ಹೇಳುತ್ತೇನೆ, ಆ ಸಾಲು ನನ್ನದಾಗಿದ್ದರೆ ನನ್ನ ನಾಲ್ಕೂ ಪುಸ್ತಕ ಬಿಟ್ಟುಕೊಡುತ್ತಿದ್ದೆ. ಕೆಂಪು ಪೆನ್ನು ಹಿಡಿದು ಮೊದಲ ಅಧ್ಯಾಯ ಓದಿ, ಮೂರು ಕಾಗುಣಿತದ ತಪ್ಪು ಹಿಡಿದು, ಗೆಳೆಯನಿಗೆ ಪಟ್ಟಿ ಕಳಿಸಿದೆ. ಅವನು ಸಂತೋಷದಿಂದ ಎರಡನೆಯ ಮುದ್ರಣದಲ್ಲಿ ತಿದ್ದಿದ. ಅದರ ಮುಂದಕ್ಕೆ ನನಗೆ ಓದಲಾಗಲಿಲ್ಲ. ಪುಟ ಚೆನ್ನಾಗಿದ್ದಷ್ಟೂ ಹೊಟ್ಟೆ ಉರಿಯುತ್ತಿತ್ತು.

ನನ್ನ ಹೆಂಡತಿ ಮಾತ್ರ ಆ ಪುಸ್ತಕವನ್ನು ಒಂದೇ ಮುಂಜಾನೆ ಓದಿ ಮುಗಿಸಿದಳು. ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಹದಿನಾರು ವರ್ಷದಲ್ಲಿ ಇವಳು ನನ್ನ ಕಾದಂಬರಿಯ ಹತ್ತನೆಯ ಪುಟ ದಾಟಿದವಳಲ್ಲ.

"ನಂದು ಯಾಕ ಓದಂಗಿಲ್ಲ ನೀ?" ಎಂದು ಕೇಳಿದೆ.

"ನಿಮ್ಮದು ಓದಾಕ ಕುಂತ್ರ ಕೋರ್ಟಿನಾಗ ನಿಂತಂಗ ಆಕ್ಕೈತ್ರಿ" ಎಂದಳು.

ಈ ವರ್ಷದ ಹಬ್ಬ ಇಳಕಲ್ಲಿನಲ್ಲಿ. ಅದಕ್ಕೆ ಮೊದಲು ಗೆಳೆಯ ನನ್ನನ್ನು ನವನಗರಕ್ಕೆ ಕರೆಸಿದ. ಮೂಲೆಯಲ್ಲಿದ್ದ ಒಂದು ಕಟ್ಟನ್ನು ತೋರಿಸಿ, "ನಿನ್ನ ಕಾದಂಬರೀದು ಇದೊಂದ ಕಟ್ಟು ಉಳದೈತಿ ನೋಡಲೇ. ಇಳಕಲ್ಲಿನಾಗ ಇದು ಪೂರಾ ಖಾಲಿ ಆತಂದ್ರ ಎರಡನೇ ಮುದ್ರಣ ಮಾಡ್ತೇನಿ. ಆಗ್ಲಿಲ್ಲಂದ್ರ ಮತ್ತ ಅದರ ಸುದ್ದಿ ತಗೀಬ್ಯಾಡ" ಎಂದ. ಮೂವತ್ತು ಪ್ರತಿ. ಹದಿನಾರು ವರ್ಷದಿಂದ ಕಾದದ್ದು ಒಂದು ದಿನದ ಮೇಲೆ ಬಂದು ನಿಂತಿತು. ನನ್ನ ಮೇಜಿಗೆ ಯಾರನ್ನು ನಿಲ್ಲಿಸುತ್ತೀ ಎಂದು ಕೇಳಿದೆ.

"ಆಕಿನ್ನ" ಎಂದ. "ಆಕಿ ತಾನ ಕೇಳ್ಯಾಳ. ನೀ ಆಕೀ ಪುಸ್ತಕದ ಹಿಂದ ನಿಂದ್ರು."

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. ಮಾಡುತ್ತಿರಲಿಲ್ಲ.

ಹಬ್ಬದ ಭಾನುವಾರ ಹುನಗುಂದದಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಹೋದೆ. ದಾರಿ ದೂರದ್ದಲ್ಲ, ಆದರೆ ಅವತ್ತು ಬಸ್ಸು ಎಲ್ಲ ಕಡೆಯೂ ನಿಂತಿತು. ನೇಕಾರರ ಓಣಿಯ ಸಮುದಾಯ ಭವನದಲ್ಲಿ ಮೇಜು ಹಾಕಿದ್ದರು. ಆಚೆಯ ಗೋಡೆಗೆ ನನ್ನ ಕಾದಂಬರಿ, ಅದರ ಹಿಂದೆ ಆಕೆ. ಈಚೆಯ ಗೋಡೆಗೆ ಆಕೆಯ ಪುಸ್ತಕ, ಅದರ ಹಿಂದೆ ನಾನು. ಎದುರಾಬದುರು. ಆಕೆ ನನ್ನನ್ನು ನೋಡಿ ಕೈ ಮುಗಿದಳು. ನಾನೂ ಮುಗಿದೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡವನಂತೆ ನಕ್ಕಿದ್ದೂ ನೆನಪಿದೆ.

ಬಾಗಿಲು ತೆರೆದ ಹೊತ್ತಿನಿಂದಲೇ ನನ್ನ ಮುಂದೆ ಜನ. ಒಬ್ಬ ಹೆಣ್ಣುಮಗಳು ಪುಸ್ತಕ ಎತ್ತಿ, "ಇದರಾಗ ಏನೈತ್ರಿ?" ಎಂದು ಕೇಳಿದಳು.

ಹೊಗಳಬೇಕಿತ್ತು. ನಾಲಿಗೆ ಏಳಲಿಲ್ಲ. "ಏನಿಲ್ರಿ, ಕತಿ ಇಲ್ಲ ಇದರಾಗ. ಬರೇ ಮಗ್ಗದ ಮಾತು" ಎಂದೆ.

"ಕತಿ ಯಾರಿಗಿ ಬೇಕಾಗೇತ್ರಿ? ಮಗ್ಗದ ಮಾತ ಬೇಕು. ಎರಡು ಕೊಡ್ರಿ, ನಮ್ಮ ಅಕ್ಕಗೊಂದು" ಎಂದು ಒಯ್ದಳು.

ಹೀಗೆ ಮೂರ್ನಾಲ್ಕು ಸಲವಾಯಿತು. ನಾನು ಹಳಿದಷ್ಟೂ ಪುಸ್ತಕ ಹೋಗುತ್ತಿತ್ತು. ಆಗ ಉಪಾಯ ಬದಲಿಸಿದೆ. ಬಂದವರಿಗೆ ಗಂಭೀರವಾಗಿ, "ಮೊದಲ ಅಲ್ಲಿ ಎದರಿಗೆ ಐತಲ್ಲ, ಆ ಕಾದಂಬರಿ ಓದ್ರಿ. ಅದನ್ನ ಓದಿದ್ರ ಇದು ತಿಳೀತೈತಿ" ಎನ್ನತೊಡಗಿದೆ. ಶುದ್ಧ ಸುಳ್ಳು ಎಂದೇ ತಿಳಿದು ಹೇಳಿದೆ. ನಿಯಮ ಮುರಿದದ್ದಕ್ಕೆ ನಾಚಿಕೆಯಾಗಲಿಲ್ಲ. ಗೆಳೆಯ ಒಮ್ಮೆ ಈ ಕಡೆ ನೋಡಿದ, ನಾನು ಆಕೆಯ ಪುಸ್ತಕದ ಧೂಳು ಒರೆಸುತ್ತ ನಿಂತೆ.

ಜನ ನಿಜವಾಗಿಯೂ ಆಚೆ ಹೋದರು. ಹೋದವರು ಹಿಂದಿರುಗಲಿಲ್ಲ. ಆಕೆಯ ಸುತ್ತ ಗುಂಪು ಕೂಡಿತು, ನೇಕಾರರು, ಅವರ ಮನೆಯ ಹೆಂಗಸರು, ನೂಲಿನ ಅಂಗಡಿಯವರು. ಆಕೆ ನನ್ನ ಕಾದಂಬರಿಯನ್ನು ಎತ್ತಿ ಹಿಡಿದು ಏನೋ ಹೇಳುತ್ತಿದ್ದಳು, ಜನ ನಗುತ್ತಿದ್ದರು, ಕೊಳ್ಳುತ್ತಿದ್ದರು. ಕೊಂಡವರು ಅಲ್ಲೇ ಗೋಡೆಗೆ ಒರಗಿ ಕೂತು ಓದತೊಡಗಿದರು. ನನ್ನ ಪುಸ್ತಕವನ್ನು ಮನುಷ್ಯರು ಓದುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ಕಾದಂಬರಿಯಲ್ಲಿ ನಗುವಂಥದ್ದು ಏನೂ ಇಲ್ಲವಲ್ಲ ಎಂಬ ಅನುಮಾನ ಬಂತು, ಆದರೆ ಕಟ್ಟು ಕರಗುತ್ತಿತ್ತು. ಇಪ್ಪತ್ತು, ಹದಿನೈದು, ಎಂಟು. ಊಟಕ್ಕೆ ಕರೆಯುವ ಹೊತ್ತಿಗೆ ಆಕೆ ಬರಿಗೈಯನ್ನು ಮೇಲೆತ್ತಿ ನನಗೆ ತೋರಿಸಿದಳು. ಖಾಲಿ.

ಆ ಗಳಿಗೆಯಲ್ಲಿ ನಾನು ಆಕೆಯನ್ನು ಕ್ಷಮಿಸಿಬಿಟ್ಟೆ. ಮೂರು ಮುದ್ರಣವನ್ನೂ ಕ್ಷಮಿಸಿದೆ. ಇಷ್ಟು ವರ್ಷ ಬೇರೆ ಊರಿನವರು ಗುರುತಿಸದ ಪುಸ್ತಕವನ್ನು ಇಳಕಲ್ಲು ಗುರುತಿಸಿತು, ತಮ್ಮ ಬದುಕನ್ನು ಬರೆದವನನ್ನು ನೇಕಾರರು ಕೈಬಿಡಲಿಲ್ಲ ಎಂದೆಲ್ಲ ಮನಸ್ಸಿನಲ್ಲಿ ಭಾಷಣ ಕಟ್ಟುತ್ತ ರೊಟ್ಟಿ, ಎಣಗಾಯಿ ಹಾಕಿಸಿಕೊಂಡು ಕೂತೆ.

ಓಣಿಯ ವಯಸ್ಸಾದ ಒಬ್ಬ ಆಯಿ ನನ್ನ ಎದುರಿಗೆ ಬಂದು ಕೂತಳು. ಕೈಯಲ್ಲಿ ನನ್ನ ಕಾದಂಬರಿ, ನಡುವೆ ಬೆರಳು ಇಟ್ಟುಕೊಂಡಿದ್ದಳು.

"ಇದನ್ನ ಬರದಾಂವ ನೀನ ಏನಪಾ?"

"ಹೌದ್ರಿ ಆಯಿ."

"ಸೆರಗ ಸೂಜಿಲೆ ಹೊಲಿಸೀಯಲ್ಲ, ಯಾವೂರಾಗ ನೋಡಿದಿ?"

ಆಯಿ ಬೆರಳಿಟ್ಟದ್ದು ತೊಂಬತ್ತೆರಡನೆಯ ಪುಟ. ನನ್ನ ಕಾದಂಬರಿಯಲ್ಲಿ ನಾನು ಅತ್ಯಂತ ಹೆಮ್ಮೆಪಡುವ ಪುಟ. ಗಂಡ ಸತ್ತ ಮೇಲೆ ಆ ನೇಕಾರ ಹೆಣ್ಣುಮಗಳು ತಾನು ನೇಯ್ದ ಸೀರೆಗೆ ಕೆಂಪು ಸೆರಗನ್ನು ಸೂಜಿಯಿಂದ ಹೊಲಿಯುತ್ತ ಕೂರುತ್ತಾಳೆ, ಸೂಜಿ ಬೆರಳಿಗೆ ಚುಚ್ಚುತ್ತದೆ, ಒಂದು ಹನಿ ರಕ್ತ ಕೆಂಪಿನಲ್ಲಿ ಕೆಂಪಾಗಿ ಸೇರಿಹೋಗುತ್ತದೆ. ಪುಸ್ತಕ ಬಿಡುಗಡೆಯಾದಾಗ ಹುನಗುಂದದ ಒಬ್ಬ ವಕೀಲರು ಇದನ್ನು ಕೇಳಿ ಕಣ್ಣೊರೆಸಿಕೊಂಡಿದ್ದರು.

ಆಯಿ ತನ್ನ ಸೆರಗನ್ನೇ ನನ್ನ ಮುಂದೆ ಹಾಸಿದಳು. "ಹುಡುಕು. ಹೊಲಿಗಿ ಎಲ್ಲೈತಿ?"

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಸೀರೆಯ ಒಡಲು ಮುಗಿದು ಸೆರಗು ಶುರುವಾಗುವ ಕಡೆ ಹೊಲಿಗೆ ಇರಲಿಲ್ಲ. ಮಗ್ಗದ ಮೇಲೆ ಹಾಸಿನ ಉದ್ದನೆಯ ಎಳೆಗಳು ಇರುವಾಗಲೇ ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಸಿಗಿಸುತ್ತ ಹೋಗುತ್ತಾರಂತೆ, ಒಂದೊಂದೇ ಎಳೆ, ಬರಿಗೈಯಿಂದ. ಆಯಿ ಅದನ್ನು ನನಗೆ ಒಂದನೇ ಇಯತ್ತೆಯವನಿಗೆ ಹೇಳುವಂತೆ ಹೇಳಿದಳು. ಅದೇ ನೇಯ್ಗೆಯ ಸೀರೆಯನ್ನು ನನ್ನ ಹೆಂಡತಿ ಮೂವತ್ತೈದು ವರ್ಷದಿಂದ ನನ್ನ ಕಣ್ಣೆದುರಿಗೆ ಉಡುತ್ತಿದ್ದಾಳೆ. ಕಾದಂಬರಿ ಬರೆಯುವಾಗ ನಾನು ಒಂದು ಮಧ್ಯಾಹ್ನ ಇಳಕಲ್ಲಿಗೆ ಬಂದು, ನಾಲ್ಕು ಮಗ್ಗ ನೋಡಿ, ಒಡಲಿನ ಬಣ್ಣ ಬೇರೆ ಸೆರಗಿನ ಬಣ್ಣ ಬೇರೆ ಎಂದ ಮೇಲೆ ಹೊಲಿದೇ ಇರಬೇಕು ಎಂದು ತೀರ್ಮಾನಿಸಿ ಹೋಗಿದ್ದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲದವನು ಎಂದು ತಿಳಿದಾರು ಎಂಬ ಅಂಜಿಕೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದ ಎನ್ನುತ್ತಾರಲ್ಲ, ಕೆಂಪು ಪೆನ್ನಿನಲ್ಲಿ ಹಿಡಿದ ಆ ಮೂರು ಕಾಗುಣಿತದ ತಪ್ಪುಗಳು ನೆನಪಾದವು.

ಊಟ ಬಿಟ್ಟು ಎದ್ದು ಆಕೆಯ ಬಳಿ ಹೋದೆ. ಆಕೆ ಖಾಲಿ ಮೇಜಿನ ಮೇಲಿನ ಬಟ್ಟೆ ಮಡಚುತ್ತಿದ್ದಳು. ಏನು ಹೇಳಿ ಮಾರಿದೆ ಎಂದು ಕೇಳಿದೆ.

"ಖರೇನ ಹೇಳಿದೆ ಕಾಕಾ. ಇದರಾಗ ನಮ್ಮ ಓಣಿ ಬಗ್ಗೆ ಒಂದು ದೊಡ್ಡ ತಪ್ಪೈತಿ, ಓದಿ ಹುಡುಕ್ರಿ ಅಂದೆ. ಉಳಿದದ್ದು ಭಾಳ ಚಂದ ಐತಿ ಅಂತನೂ ಅಂದೆ. ಮಂದಿ ತಪ್ಪು ಹುಡುಕಾಕ ಒಯ್ದ್ರು."

ನನ್ನ ಮೈಯೆಲ್ಲ ಉರಿದುಹೋಯಿತು. "ಒಂದು ವರ್ಷ ಆತು ನಾವು ಗುರ್ತಾಗಿ. ಮೊದಲ ನನಗ ಹೇಳಾಕ ಏನಾಗಿತ್ತು?"

"ಬದಾಮಿಗೆ ಅದಕ ಬಂದಿದ್ದೆ. ನೀವು ಆಮ್ಯಾಲ ಅಂದ್ರಿ."

ಆಕೆ ಮಡಚಿದ ಬಟ್ಟೆಯನ್ನು ಮೇಜಿನ ಮೇಲಿಟ್ಟು ಮುಂದುವರಿಸಿದಳು. "ಎಂಟು ವರ್ಷದ ಹಿಂದ ನಮ್ಮೂರ ಗ್ರಂಥಾಲಯದಾಗ ನಿಮ್ಮ ಕಾದಂಬರಿ ಓದಿದ್ನಿ. ನಮ್ಮ ಅವ್ವನ ಬಗ್ಗೆನ ಬರದಾರ ಅನ್ನಿಸಿ ಅಳು ಬಂತು. ಆ ಸೂಜಿ ಬಂದ ಕೂಡ್ಲೆ ಸಿಟ್ಟು ಬಂತು. ನಮ್ಮವ್ವ ಬೆರಳ ತೇಯಿಸಿ ಸೆರಗು ಜೋಡಿಸಿದಾಕಿ, ಇವ್ರು ಆಕೀ ಕೈಯಾಗ ಸೂಜಿ ಕೊಟ್ಟಾರಲ್ಲ ಅಂತ. ನಿಮಗೊಂದು ಪತ್ರ ಬರೀಬೇಕಂತ ಕುಂತೆ. ನಮ್ಮ ಮನ್ಯಾಗ ಸೂಜಿ ಇರಲಿಲ್ಲ ಅಂತ ಒಂದು ಸಾಲು ಬರದೆ. ಹಂಗಾರ ಹೆಂಗ ಜೋಡಿಸ್ತಿದ್ರಿ ಅಂತ ನೀವು ಕೇಳ್ತೀರಲ್ಲ, ಅದನ್ನ ಬರದೆ. ಆಮ್ಯಾಲ ಅವ್ವಂದು, ಮಗ್ಗದ್ದು, ಓಣೀದು. ಪತ್ರ ಮುಗೀಲೇ ಇಲ್ಲ. ಅಂಚೀಗೂ ಹಾಕಲಿಲ್ಲ."

ಎಲ್ಲರೂ ಬಡತನ ಎಂದು ಹೊಗಳಿದ ಸಾಲು. ನಾನು ಒಂದು ವರ್ಷದಿಂದ ಕದಿಯಲಾಗದೆ ಕೊರಗಿದ ಸಾಲು. ಅದು ನನ್ನ ತಪ್ಪಿಗೆ ಕೊಟ್ಟ ಉತ್ತರವಾಗಿತ್ತು. ಬಂದವರಿಗೆ ಆಕೆಯ ಪುಸ್ತಕ ಓದುವ ಮೊದಲು ನನ್ನದನ್ನು ಓದಿ ಎಂದು ಮುಂಜಾನೆಯಿಂದ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವತ್ತು ನಾನು ಆಡಿದ ಒಂದೇ ನಿಜ ಅದು.

ಗೆಳೆಯ ಮಾತಿಗೆ ತಪ್ಪಲಿಲ್ಲ. ಒಂದು ತಿಂಗಳಲ್ಲಿ ಕಾದಂಬರಿಯ ಕರಡು ಕಳಿಸಿ, "ತೊಂಬತ್ತೆರಡನೇ ಪುಟ ತಿದ್ದಿ ಕೊಡು" ಎಂದ. ತಿದ್ದಲು ಕೂತೆ. ಸೂಜಿ ತೆಗೆದರೆ ಚುಚ್ಚುವುದು ಹೋಗುತ್ತದೆ, ಚುಚ್ಚದಿದ್ದರೆ ರಕ್ತ ಇಲ್ಲ, ರಕ್ತ ಇಲ್ಲದಿದ್ದರೆ ವಕೀಲರ ಕಣ್ಣೀರೂ ಸುಳ್ಳಾಗುತ್ತದೆ. ಆಕೆಯ ಪುಸ್ತಕವನ್ನು ಹೊರತೆಗೆದು ಈ ಸಲ ಪೂರ್ತಿ ಓದಿದೆ. ಸೆರಗು ಜೋಡಿಸುವ ವಿಷಯ ನಾನು ಓದು ನಿಲ್ಲಿಸಿದ ಕೂಡಲೇ, ಎರಡನೆಯ ಅಧ್ಯಾಯದಲ್ಲಿಯೇ ಇತ್ತು. ಅದನ್ನು ಓದಿದ ಮೇಲೆ ನನ್ನ ಆ ಪುಟವನ್ನು ಹೊಸದಾಗಿ ಬರೆಯುವ ಧೈರ್ಯ ಬರಲಿಲ್ಲ. ಎಷ್ಟು ಬರೆದರೂ ಆಕೆಯದಕ್ಕಿಂತ ಕಡಿಮೆಯೇ ಆಗುತ್ತಿತ್ತು, ಇದನ್ನು ಒಪ್ಪಿಕೊಳ್ಳಲು ಎರಡು ದಿನ ಉಪವಾಸ ಬಿದ್ದವನ ಹಾಗೆ ಮುಖ ಮಾಡಿಕೊಂಡು ಮನೆಯಲ್ಲಿ ತಿರುಗಿದೆ.

ಕೋರ್ಟಿನಲ್ಲಿ ನಮಗೊಂದು ಕ್ರಮ ಇತ್ತು. ಬರೆದದ್ದರಲ್ಲಿ ತಪ್ಪು ಕಂಡರೆ ಕೆರೆದು ಅಳಿಸುವಂತಿಲ್ಲ. ಮೊದಲು ಏನು ಬರೆದಿತ್ತು ಎಂದು ಯಾರಿಗಾದರೂ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕೆಳಗೆ ಚಿಕ್ಕ ಸಹಿ ಹಾಕಬೇಕು. ಹಾಗೆಯೇ ಮಾಡಿದೆ. ಸೂಜಿ, ರಕ್ತ ಎಲ್ಲವನ್ನೂ ಇದ್ದಂತೆ ಬಿಟ್ಟು ಪುಟದ ಅಡಿಯಲ್ಲಿ ಟಿಪ್ಪಣಿ ಬರೆದೆ: 'ಇದು ತಪ್ಪು. ಇವರ ಮನೆಯಲ್ಲಿ ಸೂಜಿ ಇರಲಿಲ್ಲ.' ಕೆಳಗೆ ನನ್ನ ಚಿಕ್ಕ ಸಹಿ.

"ಕಾದಂಬರಿಗೆ ಯಾರರೆ ಹಿಂಗ ಟಿಪ್ಪಣಿ ಹಾಕ್ತಾರೇನಲೇ?" ಎಂದು ಗೆಳೆಯ ಬೈದ. ಆಮೇಲೆ ಹಾಕಿದ.

ಹಾಕುವ ಮೊದಲು ಆಕೆಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. "ಹಾಕ್ರಿ ಕಾಕಾ. ಎಂಟು ವರ್ಷ ತಡ ಆತು, ಆದ್ರೂ ಪತ್ರ ಮುಟ್ಟಿತಲ್ಲ" ಎಂದಳು. ಆಕೆಯ ಪುಸ್ತಕ ಐದನೆಯ ಮುದ್ರಣಕ್ಕೆ ಹೋಗುತ್ತಿದೆ ಎಂಬುದನ್ನೂ ಆ ಫೋನಿನಲ್ಲೇ ತಿಳಿದುಕೊಂಡೆ. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಅದಕ್ಕೂ ಒಂದು ಟಿಪ್ಪಣಿ ಹಾಕಬೇಕಾದೀತು.

ಪುಸ್ತಕಗಳು ಬಂದ ದಿನ ಎರಡನೆಯ ಪುಟದ ಆ ಹೊಸ ಸಾಲನ್ನು ಹತ್ತಾರು ಸಲ ನೋಡಿದೆ. ಹೆಂಡತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದು ಪ್ರತಿಯ ತೊಂಬತ್ತೆರಡನೆಯ ಪುಟ ತೆರೆದು ಅವಳ ಮುಂದಿಟ್ಟೆ. ಮೊರ ಬದಿಗಿಟ್ಟು ಮೇಲಿಂದ ಕೆಳಗಿನವರೆಗೆ ಓದಿದಳು.

"ಏನ್ರಿ, ಇದು ಆಕೀ ಸಾಲಲ್ಲಾ?"

"ಹೌದು, ಆಕೀದ."

"ಮತ್ತ ನಿಮ್ಮ ಸಹಿ ಹಾಕ್ಕೊಂಡೀರಿ?"

"ಊರ ಮಂದಿ ಎಲ್ಲಾ ಅದನ್ನ ಓದ್ಯಾರ" ಎಂದೆ. "ಆದ್ರ ಆಕಿ ಅದನ್ನ ಬರದದ್ದು ನನಗೊಬ್ಬಾಂವಗ."

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ಮೊದಲ ಪುಟಕ್ಕೆ ತಿರುವಿ ಓದತೊಡಗಿದಳು.